ಹೋಸ್ ಕ್ಲಿಪ್‌ನಲ್ಲಿ ಆರಿಸೋಕೆ ಏನಿದೆ ಅಂತೀರಾ?

ಹೋದ ಸಲ ಕೂಲೆಂಟ್ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಸಹೋದ್ಯೋಗಿ ಒಬ್ಬ ಕೇಳಿದ: "ಹೊಸ ಹೋಸ್ ಹಾಕ್ಸಿದೀನಿ, ಕೂಲೆಂಟೂ ಹೊಸದು. ಆದ್ರೂ ಬೆಳಿಗ್ಗೆ ಕಾರಿನ ಕೆಳಗೆ ನಾಲ್ಕು ಹನಿ ಬಿದ್ದಿರತ್ತೆ, ಓಡಿಸಿ ಬಂದ್ಮೇಲೆ ನೋಡಿದ್ರೆ ಏನೂ ಇರಲ್ಲ. ಏನಿದು ಮಾಯೆ?" ಮಾಯೆ ಏನಿಲ್ಲ. ಹೋಸ್ ಬದಲಾಯಿಸುವಾಗ ಯಾರೂ ಯೋಚನೆ ಮಾಡದ ಕ್ಲಿಪ್‌ನದೇ ಕಿತಾಪತಿ.

ರಬ್ಬರ್ ಹೋಸನ್ನು ರೇಡಿಯೇಟರಿನ ಮೂತಿಗೆ ಬಿಗಿಯಾಗಿ ಹಿಡಿದಿಡೋದು ಕ್ಲಿಪ್. ಎಂಜಿನ್ ಬಿಸಿಯಾದಾಗ ಕೂಲೆಂಟ್ 90 ಡಿಗ್ರಿ ದಾಟಿರತ್ತೆ, ಒಳಗೆ ಸುಮಾರು 1 ಬಾರ್ ಒತ್ತಡ ಇರತ್ತೆ. (ರೇಡಿಯೇಟರ್ ಮುಚ್ಚಳದ ಮೇಲೆ 0.9, 1.1 ಅಂತ ಬರೆದಿರೋದು ಇದನ್ನೇ.) ಬಿಸಿಗೆ ರಬ್ಬರ್ ಹಿಗ್ಗಿ ಕ್ಲಿಪ್‌ಗೆ ಒತ್ತಿಕೊಳ್ಳತ್ತೆ, ರಾತ್ರಿ ತಣ್ಣಗಾದಾಗ ಕುಗ್ಗತ್ತೆ. ಹೀಗೇ ದಿನಾ ಆಗ್ತಾ ಹೋದರೆ ಒತ್ತಿದ ಜಾಗದಲ್ಲಿ ರಬ್ಬರ್ ತೆಳ್ಳಗಾಗಿ ಹಾಗೇ ಕೂತುಬಿಡತ್ತೆ. ಸ್ಕ್ರೂ ತಿರುಗಿಸಿ ಬಿಗಿ ಮಾಡೋ ಕ್ಲಿಪ್ ನಾವು ನಿಲ್ಲಿಸಿದ ಅಳತೆಗೇ ನಿಂತಿರತ್ತೆ. ರಬ್ಬರ್ ಸೊರಗಿದ್ದು ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ತಣ್ಣಗಿದ್ದಾಗ ಜಿನುಗತ್ತೆ, ಬಿಸಿಯಾದ ಮೇಲೆ ನಿಲ್ಲತ್ತೆ.

ಈ ಕಾರಣಕ್ಕೇ ಇವತ್ತಿನ ಬಹಳಷ್ಟು ಕಾರುಗಳಲ್ಲಿ ಕೂಲೆಂಟ್ ಹೋಸ್‌ಗೆ ಕಂಪನಿಯಿಂದಲೇ ಸ್ಪ್ರಿಂಗ್ ಕ್ಲಿಪ್ ಬಂದಿರತ್ತೆ. ಎರಡು ಕಿವಿ ಇರೋ ಉಕ್ಕಿನ ಪಟ್ಟಿ. ಕಿವಿಗಳನ್ನು ಇಕ್ಕಳದಲ್ಲಿ ಒತ್ತಿದರೆ ಅಗಲ ಆಗತ್ತೆ, ಬಿಟ್ಟರೆ ಕಚ್ಚಿಕೊಳ್ಳತ್ತೆ. ರಬ್ಬರ್ ಹಿಗ್ಗಿದರೆ ತಾನೂ ಹಿಗ್ಗತ್ತೆ, ಕುಗ್ಗಿದರೆ ಹಿಂದೆಯೇ ಬರತ್ತೆ. ನೋಡೋಕೆ ಅಗ್ಗದ ವಸ್ತು ಥರ ಕಂಡರೂ ಕೂಲೆಂಟ್ ಹೋಸ್‌ಗೆ ಇದೇ ಒಳ್ಳೇದು ಅನ್ನೋದು ನನ್ನ ಲೆಕ್ಕ.

ಈ ಲೆಕ್ಕದ ಮೇಲೆ ನಮ್ಮ ಪುತ್ತೂರಿನ ಗ್ಯಾರೇಜಿನಲ್ಲಿ ಒಂದು ಸಣ್ಣ ಜಟಾಪಟಿಯೇ ಆಯ್ತು. ಅಪ್ಪನ ಕಾರಿಗೆ ಹದಿನಾಲ್ಕು ವರ್ಷ. ಮುಂದಿನ ತಿಂಗಳು ಅಮ್ಮನ ಕಣ್ಣಿನ ಆಪರೇಷನ್‌ಗೆ ಅವರಿಬ್ಬರೇ ಶಿರಾಡಿ ಹತ್ತಿ ಬೆಂಗಳೂರಿಗೆ ಬರಬೇಕು. ಬಸ್ಸು ಅಂದರೆ ಅಮ್ಮನಿಗೆ ವಾಂತಿ. ಗುಂಡ್ಯ ದಾಟಿದ ಮೇಲೆ ಏರು, ಮುಂದೆ ಲಾರಿಗಳ ಸಾಲು, ಫಸ್ಟ್ ಗೇರಿನಲ್ಲಿ ತೆವಳೋದು, ಎಷ್ಟೋ ಕಡೆ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಅಲ್ಲಿ ಹೋಸ್ ಕಳಚಿಕೊಂಡರೆ ಕೂಲೆಂಟ್ ಖಾಲಿ ಆಗೋಕೆ ಹೆಚ್ಚು ಹೊತ್ತು ಬೇಡ. ಗಮನಿಸದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗತ್ತೆ.

ಕೆಳಗಿನ ಹೋಸ್ ಬದಲಾಯಿಸೋಕೆ ಹೋಗಿದ್ದೆವು. ಮೆಕ್ಯಾನಿಕ್ ಸ್ಪ್ರಿಂಗ್ ಕ್ಲಿಪ್ ತೆಗೆದು ಬದಿಗೆ ಎಸೆದರು. "ಇದು ಬೇಡ ಮಾರಾಯ್ರೆ, ಸ್ಕ್ರೂವಿದ್ದು ಹಾಕುವ. ಅದು ಗಟ್ಟಿ." ನಾನು ರಬ್ಬರ್ ಹಿಗ್ಗೋ ಕುಗ್ಗೋ ಕತೆ ಹೇಳಿದೆ. ಅಪ್ಪ ಪೂರ್ತಿ ಅವರ ಕಡೆ: "ಅವರು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುದು. ನೀನು ಕಂಪ್ಯೂಟರ್ ನೋಡು." ಮೆಕ್ಯಾನಿಕ್ ನಕ್ಕು, ಎಸೆದಿದ್ದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಕಿವಿಯ ಬುಡದಲ್ಲಿ ತುಕ್ಕು. ಬೆರಳಿನಲ್ಲೇ ಒತ್ತಿದರೂ ಅಗಲ ಆಗ್ತಿತ್ತು. ಅಂಥದ್ದನ್ನು ಮತ್ತೆ ಹಾಕೋ ಪ್ರಶ್ನೆಯೇ ಇಲ್ಲ, ಅವರು ಹೇಳಿದ್ದು ಸರಿ. ಮೇಲಿನ ಹೋಸ್‌ನದು ಮಾತ್ರ ಇಕ್ಕಳಕ್ಕೂ ಬಗ್ಗದಷ್ಟು ಗಟ್ಟಿ ಇತ್ತು. ಅದನ್ನು ಬಿಟ್ಟೆವು. ಕೆಳಗಿನದಕ್ಕೆ ಅದೇ ಅಳತೆಯ ಹೊಸ ಸ್ಪ್ರಿಂಗ್ ಕ್ಲಿಪ್ ತರಿಸೋದು ಅಂತಾಯ್ತು. ಅವರನ್ನು ಒಪ್ಪಿಸಿದ್ದು ನನ್ನ ವಾದವಲ್ಲ, ಅವರ ಮೂಲೆಯಲ್ಲೇ ಬಿದ್ದಿದ್ದ ಬೇರೆ ಕಾರಿನ ರೇಡಿಯೇಟರ್. ಈಗಿನ ರೇಡಿಯೇಟರ್‌ಗಳ ಎರಡು ಬದಿಯ ಟ್ಯಾಂಕ್ ಪ್ಲಾಸ್ಟಿಕ್. ಯಾರೋ ಸ್ಕ್ರೂ ಕ್ಲಿಪ್ಪನ್ನು ಜೀವ ಬಿಟ್ಟು ಬಿಗಿದು ಅದರ ಮೂತಿಯೇ ಸೀಳಿತ್ತು.

ಹಾಗಂತ ಸ್ಕ್ರೂ ಕ್ಲಿಪ್ ಕೆಟ್ಟದ್ದಲ್ಲ. ಲಮ್ಲಿ ರಾಬಿನ್ಸನ್ ಅನ್ನೋ ಬ್ರಿಟಿಷ್ ನೌಕಾಪಡೆಯ ಕಮಾಂಡರ್ 1921ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಇಂಗ್ಲೆಂಡಿನಲ್ಲಿ ಈಗಲೂ ಅದರ ಹೆಸರು ಜುಬಿಲಿ ಕ್ಲಿಪ್. ನೂರು ವರ್ಷ ಉಳಿದಿದೆ ಅಂದರೆ ಸುಮ್ಮನೆ ಅಲ್ಲ. ಲೋಹದ ಮೂತಿ ಇದ್ದರೆ, ಅಥವಾ ಊರಲ್ಲಿ ಸರಿಯಾದ ಸ್ಪ್ರಿಂಗ್ ಕ್ಲಿಪ್ ಸಿಗದಿದ್ದರೆ ಧಾರಾಳವಾಗಿ ಹಾಕಿ, ಆದರೆ ಅಂಗಡಿಯವರು ಕೊಟ್ಟಿದ್ದನ್ನು ಹಾಗೇ ತಗೋಬೇಡಿ.

ಮೊದಲು ಅಳತೆ. ಹೋಸನ್ನು ಮೂತಿಗೆ ಹಾಕಿದ ಮೇಲೆ ಅದರ ಹೊರ ವ್ಯಾಸ ನೋಡಬೇಕು, ಪೈಪಿನದಲ್ಲ. ಕ್ಲಿಪ್ ಮೇಲೆ 25-40 ಅಂತ ಒತ್ತಿರತ್ತೆ, ಅದು ಮಿಲಿಮೀಟರ್. ನಿಮ್ಮ ಹೋಸ್ 32 ಇದ್ದರೆ ಸರಿಯಾಗಿ ನಡುವೆ ಬರತ್ತೆ. ತೀರಾ ದೊಡ್ಡದು ತಂದು ಬಾಲ ಉಳಿಸಿಕೊಂಡು ಬಿಗಿದರೆ ದುಂಡಗೆ ಕೂರಲ್ಲ, ಆ ಬಾಲ ಕೈಯನ್ನೂ ಕೊಯ್ಯತ್ತೆ. ಆಮೇಲೆ ಪಟ್ಟಿಯ ಒಳಭಾಗಕ್ಕೆ ಬೆರಳಾಡಿಸಿ. ಆರಪಾರ ತೂತು ಕೊರೆದಿರೋ ಪಟ್ಟಿಯಲ್ಲಿ ರಬ್ಬರ್ ಆ ಸಂದಿಗೆ ನುಗ್ಗಿ ಕತ್ತರಿಸಿಕೊಳ್ಳತ್ತೆ. ಒಳಗೆ ನುಣುಪಾಗಿದ್ದು, ಅಂಚು ಮಡಚಿರೋದನ್ನೇ ಕೇಳಿ. ಸಿಲಿಕಾನ್ ಹೋಸ್ ಆದರಂತೂ ತೂತಿನದು ಮುಟ್ಟಲೇಬೇಡಿ. ಇನ್ನು ಕರಾವಳಿಯವರು "ಸ್ಟೀಲ್" ಅಂದ ತಕ್ಷಣ ನಂಬಬೇಡಿ. ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಬರೀ ಜಿಂಕ್ ಲೇಪದ್ದು ಇರೋದು ಸಾಮಾನ್ಯ. ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚೋಕೆ ಹೋದರೆ ಸ್ಕ್ರೂ ತಿರುಗಲ್ಲ. ಕೆಲವು ಕ್ಲಿಪ್‌ಗಳ ಮೇಲೆ ಡಬ್ಲ್ಯು4 ಅಂತ ಇರತ್ತೆ, ಅದರಲ್ಲಿ ಸ್ಕ್ರೂ ಸಮೇತ ಪೂರ್ತಿ ಸ್ಟೇನ್‌ಲೆಸ್.

ಪೆಟ್ರೋಲ್ ಲೈನಿಗೆ ಇದೇ ಕ್ಲಿಪ್ ಹಾಕೋರನ್ನು ನೋಡಿದರೆ ನನಗೆ ಹೆದರಿಕೆ. ಇಂಜೆಕ್ಷನ್ ಕಾರುಗಳಲ್ಲಿ ಅಲ್ಲಿನ ಒತ್ತಡ 3 ಬಾರ್ ಮೇಲೆ, ಹೋಸ್ ಸಣ್ಣದು. ಸಣ್ಣ ಹೋಸ್ ಮೇಲೆ ಸ್ಕ್ರೂ ಡಬ್ಬಿಯ ಕೆಳಗೆ ಪಟ್ಟಿ ಚಪ್ಪಟೆಯಾಗಿ ಒಂದು ಕಡೆ ಸಡಿಲ ಉಳಿಯತ್ತೆ. ಸುತ್ತಲೂ ಸಮನಾಗಿ ಹಿಡಿಯೋ, ನಟ್ಟು ಬೋಲ್ಟಿನ ಪುಟ್ಟ ಫ್ಯುಯೆಲ್ ಕ್ಲಿಪ್ ಬೇರೆಯೇ ಸಿಗತ್ತೆ. ಡೀಸೆಲ್ ಟರ್ಬೊದ ದಪ್ಪ ಹೋಸ್‌ಗೆ ಅಗಲ ಪಟ್ಟಿಯ ಟಿ-ಬೋಲ್ಟ್ ಕ್ಲ್ಯಾಂಪ್ ಸರಿ. ಅದು ಸಡಿಲವಾದರೆ ಪಿಕಪ್ ಹೋಗಿ ಕಪ್ಪು ಹೊಗೆ ಬರತ್ತೆ, ನೀವು ಇಂಜೆಕ್ಟರ್‌ಗೆ ದುಡ್ಡು ಸುರೀತೀರಿ. ಆಕ್ಸಲ್ ಬೂಟಿಗೆ ಹಾಕೋ ಒಂದು ಕಿವಿಯ ಪಟ್ಟಿ ಒಮ್ಮೆಗೆ ಮಾತ್ರ. ಬಿಚ್ಚಿದರೆ ಎಸೆಯೋದೇ.

ಹಾಕುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಮೂತಿಯ ತುದಿಯಲ್ಲಿ ಒಂದು ಸಣ್ಣ ಉಬ್ಬು ಇರತ್ತೆ. ಹೋಸ್ ಅದನ್ನು ದಾಟಿ ಒಳಗೆ ಹೋಗಬೇಕು, ಕ್ಲಿಪ್ ಆ ಉಬ್ಬಿನ ಹಿಂದೆ ಕೂರಬೇಕು, ಮೇಲಲ್ಲ. ಹೋಸಿನ ಅಂಚಿನಿಂದ ನಾಲ್ಕೈದು ಮಿಲಿಮೀಟರ್ ಒಳಗೆ ಇರಲಿ. ಸ್ಪ್ರಿಂಗ್ ಕ್ಲಿಪ್ ಇಕ್ಕಳದಿಂದ ಜಾರಿ ಹಾರತ್ತೆ, ಕನ್ನಡಕ ಹಾಕ್ಕೊಳ್ಳಿ. ಸ್ಕ್ರೂದಾದರೆ ಎರಡು ಮೂರು ದಿನ ಓಡಿಸಿದ ಮೇಲೆ ತಣ್ಣಗಿದ್ದಾಗ ಮತ್ತೆ ಒಮ್ಮೆ ನೋಡಿ, ಬೇಕಾದರೆ ಸ್ವಲ್ಪ ತಿರುಗಿಸಿ. ಸಂದಿಯ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ಜಿನುಗ್ತಿದೆ ಅಂತ ಅರ್ಥ.

ಅಪ್ಪನ ಡಿಕ್ಕಿಯಲ್ಲಿ ಈಗ 25-40ರ ಎರಡು ಸ್ಕ್ರೂ ಕ್ಲಿಪ್, ಒಂದು ಸ್ಕ್ರೂಡ್ರೈವರ್, ಐದು ಲೀಟರ್ ನೀರು ಇದೆ. ಟೆಂಪರೇಚರ್ ಮುಳ್ಳು ಏರಿದರೆ ಕಾರು ಬದಿಗೆ ಹಾಕಿ ಎಂಜಿನ್ ಆಫ್ ಮಾಡಬೇಕು, ಮುಚ್ಚಳ ಮುಟ್ಟದೆ ಅರ್ಧ ಗಂಟೆಯಾದರೂ ಕಾಯಬೇಕು ಅಂತ ಇಬ್ಬರಿಗೂ ಹೇಳಿದ್ದೇನೆ. ಮುಳ್ಳು ನೋಡೋ ಕೆಲಸ ಅಮ್ಮನದು ಅಂತ ಅಪ್ಪ ಅಂದರು. "ಕಣ್ಣು ಕಾಣದವಳಿಗೆ ಕೊಡುವ ಕೆಲಸವಾ ಅದು?" ಅಂತ ಅಮ್ಮ.