ಊಟಕ್ಕೆ ಮುಂಚಿನ ಮುಕ್ಕಾಲು ಗಂಟೆ

ಕಳೆದ ನವೆಂಬರಿನಲ್ಲಿ ನಾನು ಸದಸ್ಯನಾಗಿರುವ ಸಂಘದ ರಾಜ್ಯೋತ್ಸವಕ್ಕೆ ಕರಾವಳಿಯಿಂದ ಯಕ್ಷಗಾನದ ತಂಡವೊಂದು ಬಂದಿತ್ತು. ಪ್ರಸಂಗ ‘ಕರ್ಣಪರ್ವ’. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಭಾಷಣ, ಹನ್ನೊಂದು ಮಂದಿಗೆ ಶಾಲು, ಹಾರ, ಸ್ಮರಣಿಕೆ ಇವೆಲ್ಲ ಮುಗಿಯುವಷ್ಟರಲ್ಲಿ ಕಲಾವಿದರ ಪಾಲಿಗೆ ಮುಕ್ಕಾಲು ಗಂಟೆ ಉಳಿದಿತ್ತು. ಸಮಿತಿಯ ಹಿರಿಯರೊಬ್ಬರು ಚೌಕಿಗೆ ಹೋಗಿ ಭಾಗವತರಿಗೆ ಸೂಚನೆಯಿತ್ತರು: “ಮಾತು ಕಡಿಮೆ ಇರಲಿ, ಕುಣಿತ ಹೆಚ್ಚಿರಲಿ. ನಮ್ಮ ಮಕ್ಕಳಿಗೆ ಮಾತು ತಿಳಿಯುವುದಿಲ್ಲ.” ಹಾಗೆಯೇ ಆಯಿತು. ಕರ್ಣ ಬಂದ, ಚೆಂಡೆಯ ಅಬ್ಬರಕ್ಕೆ ಗಿರಕಿ ಹೊಡೆದ, ಬಾಣ ಬಿಟ್ಟ, ಬಿದ್ದ. ಮಂಗಳ. ಎರಡು ಗಂಟೆ ಕಾಲ ಬಣ್ಣ ಹಚ್ಚಿ ಕುಳಿತಿದ್ದ ಶಲ್ಯನ ಪಾತ್ರಧಾರಿ ರಂಗದ ಮೇಲಿದ್ದುದು ನಾಲ್ಕು ನಿಮಿಷ.

ಮುಂದಿನ ಸಭೆಯಲ್ಲಿ ಈ ಮಾತನ್ನೆತ್ತಿದಾಗ ನನಗೆ ದೊರೆತ ಉತ್ತರ ಇದು: “ಕಲೆ ಇರುವುದೇ ನಮ್ಮ ಸಂಸ್ಕೃತಿಯನ್ನು ಉಳಿಸಿಕೊಳ್ಳುವುದಕ್ಕಾಗಿ. ಮಕ್ಕಳು ವೇಷವನ್ನು ಕಣ್ಣಾರೆ ಕಂಡರಲ್ಲ, ಅಷ್ಟು ಸಾಕು.” ಸಭೆ ತಲೆದೂಗಿತು. ಈ ಲೇಖನ ಆ ಒಂದು ವಾಕ್ಯದ ವಿರುದ್ಧ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಕಲೆಯೆಂಬುದು ಗುರುತಿನ ಚೀಟಿಯಾಗಿಬಿಟ್ಟಿದೆ. ಕಿರೀಟ, ಗೆಜ್ಜೆ, ಬಣ್ಣ ಕಂಡೊಡನೆ ‘ಇದು ನಮ್ಮದು’ ಎಂಬ ಹೆಮ್ಮೆ ಉಕ್ಕುತ್ತದೆ. ಆ ಹೆಮ್ಮೆಯನ್ನೇ ನಾವು ರಸವೆಂದು ಭ್ರಮಿಸುತ್ತೇವೆ. ಸಾವಿರ ವರ್ಷಗಳ ಹಿಂದೆ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳಿದ್ದಾನೆ. ರಂಗದಲ್ಲಿ ನಡೆಯುತ್ತಿರುವುದನ್ನು ತನ್ನದೆಂದೋ ಪರರದೆಂದೋ ಒಂದು ನಿರ್ದಿಷ್ಟ ದೇಶಕಾಲಗಳಿಗೆ ಕಟ್ಟಿಹಾಕಿ ನೋಡುವುದು ಅವುಗಳಲ್ಲೊಂದು. ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋಗಿರುವುದು ಇನ್ನೊಂದು. ಕರ್ಣನ ಸಂಕಟ ಕರ್ಣನದೂ ಅಲ್ಲ, ನನ್ನದೂ ಅಲ್ಲ ಎನ್ನುವಂತಾದಾಗ ಮಾತ್ರ ನಾನು ಸಹೃದಯ. ಮನುಷ್ಯನಿಗೆ ಕಲೆ ಬೇಕಾಗಿರುವುದು ‘ನಾನು, ನನ್ನದು’ ಎಂಬ ಗೂಟದಿಂದ ಕೆಲಹೊತ್ತಾದರೂ ಕಳಚಿಕೊಳ್ಳುವುದಕ್ಕೆ. ನಾವಾದರೋ ಅದೇ ಗೂಟವನ್ನು ಇನ್ನಷ್ಟು ಆಳಕ್ಕೆ ಹೊಡೆಯಲು ಕಲಾವಿದರಿಗೆ ರೈಲಿನ ಖರ್ಚು ಕೊಟ್ಟು ಕರೆಸಿಕೊಳ್ಳುತ್ತಿದ್ದೇವೆ.

ಆ ಸಂಜೆ ನಾವು ಕಳೆದುಕೊಂಡದ್ದೇನು? ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ್ಯಗಳು ಮಾತ್ರ ಬರೆದಿಟ್ಟವು. ಪಾತ್ರಧಾರಿ ಆಡುವ ಅರ್ಥ ಅಲ್ಲಿಯೇ, ಆ ಕ್ಷಣದಲ್ಲಿಯೇ ಹುಟ್ಟಬೇಕು; ಇದಿರು ಪಾತ್ರ ಎತ್ತಿದ ಪ್ರಶ್ನೆಗೆ ಸಿದ್ಧ ಉತ್ತರವಿರುವುದಿಲ್ಲ. ಗುರಿಯನ್ನು ಬದಲಿಸೆಂದು ಶಲ್ಯ ಹೇಳುತ್ತಾನೆ, ಕರ್ಣ ಒಪ್ಪುವುದಿಲ್ಲ, ಶಲ್ಯ ರಥದಿಂದಿಳಿದು ನಡೆದುಬಿಡುತ್ತಾನೆ. ಒಪ್ಪದಿರುವುದು ಸ್ವಾಭಿಮಾನವೋ ಹಟವೋ? ಇಳಿದುಹೋದುದು ನ್ಯಾಯವೋ ದ್ರೋಹವೋ? ಒಳ್ಳೆಯ ಅರ್ಥಧಾರಿಗಳಿಬ್ಬರು ಸೇರಿದರೆ ಇದೊಂದೇ ಸನ್ನಿವೇಶ ಗಂಟೆಗಟ್ಟಲೆ ಬೆಳೆಯುತ್ತದೆ, ನಾಳೆ ಇನ್ನೊಂದು ಊರಿನಲ್ಲಿ ಬೇರೆಯೇ ಆಗುತ್ತದೆ. ನಮ್ಮ ಸಮಿತಿ ಕತ್ತರಿಸಿದ್ದು ಇದನ್ನು. ಉಳಿಸಿಕೊಂಡದ್ದು ಕ್ಯಾಲೆಂಡರಿನಲ್ಲಿಯೂ ಸಿಗುವಂಥದ್ದನ್ನು.

“ಶಿವರಾಮ ಕಾರಂತರೂ ಕಡಿತಗೊಳಿಸಲಿಲ್ಲವೇ?” ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಪ್ರಶ್ನೆ ಸಮಂಜಸವಾದುದು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾರಂತರು ತಮ್ಮ ಬ್ಯಾಲೆಗಳಲ್ಲಿ ರಾತ್ರಿಯಿಡೀ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು, ಮಾತನ್ನೇ ಬಿಟ್ಟರು, ಪಿಟೀಲು, ಸ್ಯಾಕ್ಸೊಫೋನು ತಂದರು. ಮಾತು ಬಿಟ್ಟದ್ದನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಅವರು ಕತ್ತರಿ ಹಿಡಿದದ್ದು ಕುಣಿತ, ಹಾಡು, ವೇಷಗಳ ಒಳಸತ್ತ್ವವನ್ನು ಹುಡುಕಿಕೊಂಡು, ವರ್ಷಾನುಗಟ್ಟಲೆ ಅಧ್ಯಯನ ಮಾಡಿ. ನಾವು ಹಿಡಿದದ್ದು ಬಿಸಿಬೇಳೆಭಾತ್ ಆರುತ್ತದೆಂದು. ಇಂದು ಕರಾವಳಿಯಲ್ಲಿಯೇ ಕಾಲಮಿತಿಯ ಆಟಗಳು ರೂಢಿಗೆ ಬಂದಿವೆ. ಅವುಗಳ ಬಗೆಗೂ ನನಗೆ ತಕರಾರಿಲ್ಲ. ಗಡಿಯಾರ ನೋಡುವುದು ಪಾಪವಲ್ಲ. ಮೊದಲು ಶಾಲು, ಉಳಿದರೆ ಕಲೆ ಎಂಬ ಲೆಕ್ಕಾಚಾರ ಪಾಪ. (ಆ ದಿನದ ನಿಮಿಷವಾರು ಕಾರ್ಯಕ್ರಮ ಪಟ್ಟಿಯನ್ನು ಟೈಪು ಮಾಡಿಕೊಟ್ಟವನು ನಾನೇ. ಮೂವತ್ತು ವರ್ಷ ಸರಕಾರಿ ಸಭೆಗಳ ಕಾರ್ಯಸೂಚಿ ಬರೆದ ಕೈ. ‘ಯಕ್ಷಗಾನ’ ಎಂಬುದು ಹದಿನಾಲ್ಕನೆಯ ಬಾಬತ್ತಾಗಿ ಬಂದಾಗ ನನಗೇನೂ ಅನ್ನಿಸಿರಲಿಲ್ಲ.)

ಇನ್ನು ಮಕ್ಕಳಿಗೆ ತಿಳಿಯದೆಂಬ ವಾದ. ನನ್ನ ಪಕ್ಕದಲ್ಲಿ ಕುಳಿತಿದ್ದವರು ಕಚೇರಿಯ ಬಂಗಾಳಿ ಸಹೋದ್ಯೋಗಿ. ಕನ್ನಡದ ಒಂದಕ್ಷರ ಅವರಿಗೆ ಬಾರದು. ಸುತ್ತಲಿನ ನಮ್ಮವರೆಲ್ಲ ಮೊಬೈಲು ಎತ್ತಿ ಚಿತ್ರೀಕರಿಸುತ್ತಿದ್ದಾಗ ಅವರೊಬ್ಬರು ರಂಗವನ್ನು ನೋಡುತ್ತಿದ್ದರು. “ರಥದಿಂದ ಇಳಿದು ಹೋದವನು ಯಾರು? ಏಕೆ ಹೋದ?” ಎಂಬುದು ಅವರ ಪ್ರಶ್ನೆ. ಇಡೀ ಸಭಾಂಗಣದಲ್ಲಿ ಶಲ್ಯನನ್ನು ಕಂಡವರು ಪ್ರಾಯಶಃ ಅವರೊಬ್ಬರೇ. ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿನಲ್ಲಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವಕ್ಕೆ ಮರಾಠಿ ಶ್ರೋತೃಗಳು ಕಿಕ್ಕಿರಿದು ಬಂದದ್ದು ಕನ್ನಡಿಗರ ಸಂಸ್ಕೃತಿಯನ್ನು ಉಳಿಸಿಕೊಡಲೆಂದಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬಿಡುವು ಸಿಕ್ಕಾಗ ತಾಳಮದ್ದಳೆಗೆ ಕುಳಿತ ನಮ್ಮ ಹಿಂದಿನ ತಲೆಮಾರಿನ ಹುಡುಗರ ಬಾಯಲ್ಲಿಯೂ ‘ಸಂಸ್ಕೃತಿ’ ಎಂಬ ಪದವಿದ್ದಿರಲಾರದು. ಭೀಷ್ಮನಿಗೂ ಅಂಬೆಗೂ ನಡೆಯುವ ವಾದದಲ್ಲಿ ಯಾರು ಗೆದ್ದರೆಂಬುದು ಅವರಿಗೆ ಮುಖ್ಯವಾಗಿತ್ತು.

ಬರುವ ಕಾರ್ಯಕಾರಿ ಸಮಿತಿಗೆ ನಾನೊಂದು ಲಿಖಿತ ಪ್ರಸ್ತಾಪ ಸಲ್ಲಿಸಿದ್ದೇನೆ. ಒಂದು ಶನಿವಾರ ರಾತ್ರಿ, ಊಟ ಮುಗಿದ ಮೇಲೆ, ತಾಳಮದ್ದಳೆ. ಅದೇ ಕರ್ಣಪರ್ವ. ವೇಷವಿಲ್ಲ, ವೇದಿಕೆಯಿಲ್ಲ, ಸನ್ಮಾನವಿಲ್ಲ. ಎರಡು ಜಮಖಾನೆ, ಒಬ್ಬ ಭಾಗವತರು, ಮದ್ದಳೆ, ಚೆಂಡೆ, ನಾಲ್ವರು ಅರ್ಥಧಾರಿಗಳು. ಮಕ್ಕಳು ಬರಲಿ, ನಿದ್ದೆ ಬಂದರೆ ಅಲ್ಲಿಯೇ ಮಲಗಲಿ. ಅಂದು ನಾಲ್ಕೇ ನಿಮಿಷಕ್ಕೆ ರಂಗದಿಂದಿಳಿದ ಆ ಕಲಾವಿದರನ್ನೇ ಶಲ್ಯನ ಅರ್ಥಕ್ಕೆ ಕರೆಸಬೇಕೆಂದು ಕೇಳಿದ್ದೇನೆ.