ಮುತ್ಯಾನ ಕಟ್ಟೆ: ಹಳೆಯ ಕೇಸು

ರಜೆಗೆ ಸಿಂದಗಿಯಿಂದ ಇಂಡಿಗೆ ಬಂದ ಮೊಮ್ಮಗಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಓದಿ ಹೇಳುತ್ತಿದ್ದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾರೆ. ಅದು ಸಹಜ ಸಾವೋ, ಕೊಲೆಯೋ? ತನಿಖೆಗಿಳಿದ ಅಧಿಕಾರಿ ಅಂಗಡಿಗೆ ಆ ಊರಲ್ಲಿ ಗಟ್ಟಿ ಸಾಕ್ಷಿಗಿಂತ ಗಾಳಿಮಾತು, ಅನುಮಾನ, ಜಾತಿಜಗಳಗಳೇ ಹೆಚ್ಚು ಸಿಗುತ್ತವೆ.

ಮೊಮ್ಮಗಳು ನಡುವೆಯೇ ತಡೆದಳು.

“ಮುತ್ಯಾ, ಎದುರಮನಿ ಮುತ್ಯಾನ ಜೋಡಿ ನೀ ಯಾಕ ಮಾತಾಡೂದಿಲ್ಲ?”

“ಹತ್ತು ವರ್ಷದ ಹಿಂದ ನಮ್ಮ ತ್ವಾಟದಾಗಿನ ನಿಂಬಿಕಾಯಿ ಕದ್ದಾನ.”

“ನೀ ನೋಡೀಯೇನು?”

“ಮಂದಿ ಅಂದ್ರು.”

“ಹಂಗಾರ ನೀನೂ ಕೆಸರೂರಿನಾಂವನ!”

ಉತ್ತರ ಹೊಳೆಯಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ.

ಬೆಳಿಗ್ಗೆ ಒಂದು ಬುಟ್ಟಿ ನಿಂಬೆಹಣ್ಣು ಹಿಡಿದು ರಸ್ತೆ ದಾಟಿದೆ. ಆತ ಬುಟ್ಟಿ ನೋಡಿದ, ನನ್ನ ಮುಖ ನೋಡಿದ. “ತಪ್ಪಾತಪಾ,” ಅಂದೆ. ಬಹಳ ಹೊತ್ತು ಸುಮ್ಮನಿದ್ದು, ಒಳಗೆ ಕೂಗಿದ: “ಎರಡು ಕಪ್ಪ ಚಾ ಮಾಡ್ರಿ.”

ಕಾದಂಬರಿಯ ಕೊನೆ ಹೇಳುವುದಿಲ್ಲ, ದೊಡ್ಡವರ ಜೊತೆ ಕೂತು ಓದಿಕೊಳ್ಳಿ. ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಹಳೆಯ ಕೇಸು ಇದ್ದರೆ ಅಜ್ಜ-ಅಜ್ಜಿಗೆ ಒಂದೇ ಪ್ರಶ್ನೆ ಕೇಳಿ: “ನೀವು ಕಣ್ಣಾರೆ ನೋಡಿದ್ದೀರಾ?”