ಹರಿಯದೆ ಉಳಿದ ಕಾಗದಗಳು: ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮುಂಬಯಿ ಉಚ್ಚ ನ್ಯಾಯಾಲಯದ ಸರ್ಕಿಟ್ ಬೆಂಚು 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಕಲಾಪವನ್ನು ಆರಂಭಿಸಿದ ತರುವಾಯ, ಅದುವರೆಗೆ ಒಂದೊಂದು ತಾರೀಖಿಗೂ ಮುಂಬಯಿಯವರೆಗೆ ಹೋಗಿ ಬಸವಳಿಯುತ್ತಿದ್ದ ಸಾಂಗಲಿ, ಸೊಲ್ಲಾಪುರ ಮೊದಲಾದ ಜಿಲ್ಲೆಗಳ ಕಕ್ಷಿಗಾರರು ಅಂಬಾಬಾಯಿಯ ಯಾತ್ರಿಕರೊಡನೆ ಈ ನಗರಕ್ಕೇ ಬಂದಿಳಿಯತೊಡಗಿರುವರೆಂಬುದೂ, ಹೋಮ್‌ಸ್ಟೇ ಎಂಬ ದಿನಬಾಡಿಗೆಯ ಮನೆಗಳೇ ಅವರಲ್ಲಿ ಅನೇಕರಿಗೆ ಆಸರೆಯಾಗಿರುವುವೆಂಬುದೂ ತಮಗೆ ವಿದಿತವಾಗಿರಬಹುದು. ಜತ್ತ ತಾಲೂಕಿನ ಹಳ್ಳಿಯೊಂದರಲ್ಲಿರುವ, ವೈಧವ್ಯದ ಜೊತೆಗೆ ಹೊಲದ ವ್ಯಾಜ್ಯವೊಂದನ್ನೂ ಹೊತ್ತಿರುವ ನನ್ನ ಅಕ್ಕನೂ ಆಕೆಯ ಮಗಳೂ ಹೀಗೆಯೇ ಬಂದರು. ಗಡಹಿಂಗ್ಲಜದಿಂದ ನಾನು ಹೋಗಿ ಅವರನ್ನು ಕೂಡಿಕೊಂಡೆ. ಮನೆಯನ್ನು ಮೊಬೈಲಿನಲ್ಲಿ ಗೊತ್ತುಮಾಡಿ ಹಣವನ್ನು ಮುಂಗಡವಾಗಿಯೇ ಪಾವತಿ ಮಾಡಿದ್ದಾಗಿತ್ತು. ಕರಾರು ಅಲ್ಲಿಗೇ ಮುಗಿಯಿತೆಂಬುದು ನಮ್ಮ ಭಾವನೆ.

ರಾತ್ರಿ ಗಂಟುಮೂಟೆಗಳೊಡನೆ ಹೊಸ್ತಿಲಲ್ಲಿ ನಿಂತಾಗ ಎರಡನೆಯ ಕರಾರು ಹೊರಬಂದಿತು. ಹಲವು ಪುಟಗಳ ಆ ಇಂಗ್ಲಿಷ್ ಕಾಗದದಲ್ಲಿ, ಪಡಸಾಲೆಯಲ್ಲಿ ಕ್ಯಾಮರಾ ಇರುವುದಕ್ಕೆ ನಮ್ಮ ಒಪ್ಪಿಗೆಯಿದೆಯೆಂದೂ, ನಮ್ಮ ವಿವರಗಳನ್ನು ಮಾಲಕರು ತಮ್ಮ ‘ಸಹಯೋಗಿಗಳಿಗೆ’ ಕೊಡಬಹುದೆಂದೂ, ಮನೆಯ ವಿಷಯವಾಗಿ ಪ್ರತಿಕೂಲವಾದುದನ್ನು ಎಲ್ಲಿಯೂ ಬರೆದರೆ ಠೇವಣಿ ಮರಳದೆಂದೂ ಇದ್ದಿತು. ಜತ್ತದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೇ ಓದು ನಿಂತ ಅಕ್ಕ ಅದಕ್ಕೆ ಸಹಿ ಮಾಡಿದಳು. ಮಾಡದೆ ಆ ಹೊತ್ತಿನಲ್ಲಿ ತಾಯಿಮಗಳು ಎಲ್ಲಿಗೆ ಹೋಗಬೇಕಾಗಿತ್ತು? ಕಡೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು, ಅಂದರೆ ತಮ್ಮ ಪ್ರಾಧಿಕಾರವೇ ಒದಗಿಸಿರುವ ಪ್ರತಿಯನ್ನು, ನಾನು ಮುಂದೆ ಮಾಡಿದೆ. ಪೊಲೀಸರು ಒಪ್ಪುವುದಿಲ್ಲವೆಂದು ಅದನ್ನು ಬದಿಗೆ ಸರಿಸಿ, ಎರಡು ಮಗ್ಗುಲುಗಳ ಝೆರಾಕ್ಸನ್ನು ತೆಗೆದುಕೊಂಡದ್ದಲ್ಲದೆ ಕಾರ್ಡುಗಳ ಫೋಟೋವನ್ನೂ ಸ್ವಂತ ಮೊಬೈಲಿನಲ್ಲಿ ಹಿಡಿದುಕೊಂಡರು. ಅಕ್ಕ ಅಳುಕಿದುದನ್ನು ಕಂಡು ಮಾಲಕರು ಅಂದ ಮಾತು ಇದು: “ಹೋಗೂ ದಿನಾ ನಿಮ್ಮ ಕಣ್ಣೆದುರಿಗೇ ಹರದ ಹಾಕತೇನ್ರಿ ಅಕ್ಕಾರ, ಮೊಬೈಲನ್ಯಾಗಿಂದೂ ಅಳಸತೇನಿ.”

ಹೋಗುವ ದಿನ ಮಾಲಕರಿರಲಿಲ್ಲ. ಬೀಗದ ಕೈ ಇಸಿದುಕೊಳ್ಳಲು ಬಂದ ಹುಡುಗನಿಗೆ ಕಾಗದದ ಸಂಗತಿಯೇ ತಿಳಿಯದು. ಕೆಲವು ವಾರಗಳು ಕಳೆದ ಮೇಲೆ, ಇಚಲಕರಂಜಿಯಲ್ಲಿ ಬಾಡಿಗೆ ಕಾರು ಓಡಿಸುವ ನಮ್ಮ ಸೋದರಳಿಯನೊಬ್ಬನು, ಚಾಲಕರೂ ಕೋಣೆ ದಲಾಲರೂ ಸೇರಿರುವ ವಾಟ್ಸಾಪ್ ಗುಂಪೊಂದರಲ್ಲಿ ತನ್ನ ಚಿಕ್ಕಮ್ಮನ ಆಧಾರ್ ಕಾರ್ಡನ್ನು ಹುಟ್ಟಿದ ದಿನಾಂಕ, ಹಳ್ಳಿಯ ವಿಳಾಸ, ಹನ್ನೆರಡು ಅಂಕಿಗಳ ಸಮೇತ ಕಂಡು ದಿಗ್ಭ್ರಮೆಗೊಂಡು ಫೋನು ಮಾಡಿದ. ಅಕ್ಕನ ಮಗಳ ಮೊಬೈಲಿಗೆ ಅಪರಿಚಿತರ ಕರೆಗಳು ಅಷ್ಟರೊಳಗೆ ಆರಂಭವಾಗಿದ್ದುವು. ಮಾಲಕರಿಗೆ ಬರೆದೆವು, ಮನೆಯನ್ನು ಗೊತ್ತುಮಾಡಿಸಿದ ಕಂಪನಿಗೆ ಬರೆದೆವು, ಒಂದು ಸರಕಾರಿ ಕಚೇರಿಗೂ ಅರ್ಜಿ ಕೊಟ್ಟೆವು. ಸಹಿ ನಿಮ್ಮದೇ ಅಲ್ಲವೆ ಎಂಬುದು ಮೊದಲಿನವರ ಉತ್ತರ. ಎರಡನೆಯವರದು ಯಂತ್ರ ಕಳಿಸುವ ಧನ್ಯವಾದ. ಮೂರನೆಯವರು ನಮ್ಮನ್ನು ಮತ್ತೊಂದು ಕಚೇರಿಗೆ ಕಳಿಸಿದರು. ಹರಿದು ಹಾಕುವೆನೆಂದ ಕಾಗದ ಇಂದಿಗೂ ಹರಿದಿಲ್ಲ.

ಇಂತಹ ಸಣ್ಣ ವಿಷಯವನ್ನು ಕೇಂದ್ರದ ಸಚಿವರೆದುರು ಇಡುವುದೇಕೆ ಎಂದು ತಾವು ಕೇಳಬಹುದು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರದ ಝೆರಾಕ್ಸನ್ನು ಯಾರಿಗೂ ಕೊಡಬೇಡಿರಿ, ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನೇ ಕೊಡಿರಿ, ಪರವಾನಿಗೆಯಿಲ್ಲದ ಹೋಟೆಲುಗಳೂ ಸಿನಿಮಾ ಮಂದಿರಗಳೂ ಅದರ ಪ್ರತಿಗಳನ್ನು ಸಂಗ್ರಹಿಸುವುದು ಅಪರಾಧ ಎಂದು ಸ್ಪಷ್ಟವಾದ ಮಾತುಗಳಲ್ಲಿ ಸಾರಿತ್ತು. ಸರಕಾರವೊಂದು ಸಾಮಾನ್ಯನಿಗೆ ಅರ್ಥವಾಗುವಂತೆ ಮಾತನಾಡಿದ ವಿರಳ ಸಂದರ್ಭಗಳಲ್ಲಿ ಅದೊಂದು. ಮೇ 29ರಂದು ನಿಮ್ಮ ಸಚಿವಾಲಯವು, ಅಪಾರ್ಥಕ್ಕೆ ಎಡೆಯಿದೆಯೆಂಬ ಕಾರಣವನ್ನು ಕೊಟ್ಟು ಅದನ್ನು ಹಿಂತೆಗೆದುಕೊಂಡು, ಜನರು ಸಾಮಾನ್ಯ ವಿವೇಕದಿಂದ ನಡೆದುಕೊಂಡರೆ ಸಾಕೆಂದಿತು. ಸ್ವಾಮಿ, ಅಪಾರ್ಥಕ್ಕೆ ಎಡೆ ಎಲ್ಲಿದ್ದಿತು? ನಡುರಾತ್ರಿ ಪರಸ್ಥಳದ ಹೊಸ್ತಿಲಲ್ಲಿ ನಿಂತ ವಿಧವೆಯು ತೋರಬೇಕಾದ ಸಾಮಾನ್ಯ ವಿವೇಕ ಯಾವುದು? ಆ ಪ್ರಕಟನೆ ಉಳಿದಿದ್ದರೆ ಅದರ ಒಂದು ಪ್ರತಿಯನ್ನು ಮಾಲಕರ ಮುಂದೆ ಹಿಡಿಯಲಾದರೂ ಬರುತ್ತಿತ್ತು.

ಕಾಯಿದೆಯೇ ಇಲ್ಲವೆಂದರೆ ಸಂಕಟ ಇಷ್ಟು ಇರಲಿಕ್ಕಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. ಅದಕ್ಕೆ ಆರು ವರ್ಷಗಳ ಮೇಲೆ, 2023ರ ಆಗಸ್ಟಿನಲ್ಲಿ, ದತ್ತಾಂಶ ರಕ್ಷಣೆಯ ಕಾಯಿದೆ ಆಯಿತು. ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ನಿರುಪಾಧಿಕವೂ ಆಗಿರತಕ್ಕದ್ದು, ಉದ್ದೇಶಕ್ಕೆ ಅವಶ್ಯವಾದುದನ್ನು ಮೀರಿ ಏನನ್ನೂ ಕೇಳಕೂಡದು, ಸಮ್ಮತಿಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು ಎಂದು ಅದರ ಆರನೆಯ ಕಲಮು ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಈ ಪತ್ರವನ್ನು ಕನ್ನಡದಲ್ಲಿ ಬರೆದಿರುವುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಆದರೆ ಆ ಕಾಯಿದೆಗೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರದಲ್ಲಿ; ಆಗಲೂ ಈ ಮುಖ್ಯ ಕಲಮುಗಳ ಜಾರಿಗೆ ಮತ್ತೆ ಹದಿನೆಂಟು ತಿಂಗಳ ಗಡುವು. ಅಷ್ಟು ಕಾಲ ಕಂಪನಿಗಳಿಗೆ ಸಿದ್ಧತೆಗೆ ಬೇಕಂತೆ. ಅಕ್ಕನ ಕಾರ್ಡು ಗುಂಪಿನಿಂದ ಗುಂಪಿಗೆ ಹೋಗಲು ಯಾವ ಸಿದ್ಧತೆಯೂ ಬೇಕಾಗಲಿಲ್ಲ.

ಸಹಿ ನಿಮ್ಮದೇ ಎಂಬ ಮಾತಿಗೆ 2019ರ ಗ್ರಾಹಕ ಸಂರಕ್ಷಣ ಕಾಯಿದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಉತ್ತರವೇನೋ ಇದೆ. ಆದರೆ ಆ ದೂರನ್ನು ಜಿಲ್ಲಾ ಆಯೋಗವು ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಏರಬೇಕು. ಕೆಲವು ಸಾವಿರ ರೂಪಾಯಿಗಳ ಬಾಡಿಗೆಗಾಗಿ ಯಾರು ಏರಿಯಾರು!

ಬಂದವರ ದಾಖಲೆ ಇಡಬಾರದೆಂದು ನಾನು ವಾದಿಸುತ್ತಿಲ್ಲ. ವಿದೇಶೀಯರು ತಂಗಿದರೆ ಅವರ ವಿವರಗಳನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಒಪ್ಪಿಸಬೇಕೆಂಬುದೂ, ನಮ್ಮವರ ಹೆಸರೂರುಗಳನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬುದೂ ಯುಕ್ತವೇ. ಗುರುತನ್ನು ನೋಡಿ ಮರಳಿ ಕೊಡುವುದು ಬೇರೆ, ಗುರುತನ್ನೇ ಇಟ್ಟುಕೊಳ್ಳುವುದು ಬೇರೆ. ಶಾಹೂ ಮಹಾರಾಜರು ಲಿಂಗಾಯತ, ಜೈನ, ಮರಾಠ, ಮುಸಲ್ಮಾನ ಹುಡುಗರೆಲ್ಲರಿಗೂ ಬೋರ್ಡಿಂಗುಗಳನ್ನು ಕಟ್ಟಿಸಿದ ಊರು ಈ ಕೊಲ್ಹಾಪುರ. ಶಿಲಾಹಾರರು ಈ ಸೀಮೆಯಲ್ಲಿ ದತ್ತಿಯ ನಿಬಂಧನೆಗಳನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲೆ ಕನ್ನಡದಲ್ಲಿಯೇ ಕೊರೆಯಿಸಿದರು. ಅವುಗಳನ್ನು ಅರಸಿ ಓದಿದ ಕುಂದಣಗಾರರು ಇಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಅದೇ ಊರಿನಲ್ಲಿ ಇಂದು ನಿಬಂಧನೆಗಳೆಲ್ಲ ಓದಲು ಬಾರದ ಅಕ್ಷರಗಳಲ್ಲಿ, ಹಣ ಕೊಟ್ಟ ಮೇಲೆ, ಬಾಗಿಲ ಬಳಿ! ಆಸ್ಪತ್ರೆಗೆ ರೋಗಿಯನ್ನು ಕರೆತರುವ ನಿಪ್ಪಾಣಿ, ಸಂಕೇಶ್ವರದವರಿಗೂ, ನೂಲಿನ ವ್ಯವಹಾರಕ್ಕೆ ಇಚಲಕರಂಜಿಗೆ ಬರುವ ರಬಕವಿ, ಬನಹಟ್ಟಿಯ ನೇಕಾರರಿಗೂ ಇದೇ ಗತಿ. ಇವರಲ್ಲಿ ಯಾರ ವಿವೇಕವನ್ನು ನೀವು ಪರೀಕ್ಷಿಸುತ್ತಿದ್ದೀರಿ?

ನೀವು ಹೊಸದೇನನ್ನೂ ರಚಿಸಬೇಕಾಗಿಲ್ಲ. 2022ರ ಮೇ 27ರ ಪ್ರಕಟನೆಯನ್ನು ಮತ್ತೆ ಹೊರಡಿಸಿರಿ, ಈ ಬಾರಿ ಹಿಂತೆಗೆಯಬೇಡಿರಿ. ಮರೆಮಾಡಿದ ಪ್ರತಿಯನ್ನು ನಿರಾಕರಿಸುವವನಿಗೆ ದಂಡ ವಿಧಿಸಿರಿ. ಹಣ ಪಡೆಯುವ ಮುನ್ನ ತೋರಿಸದ ಕರಾರು ಕರಾರಲ್ಲವೆಂದು ಸಾರಿರಿ. ಆರನೆಯ ಕಲಮನ್ನು ಈ ದಿನವೇ ಜಾರಿಗೆ ತನ್ನಿರಿ. ಇದಾವುದೂ ಆಗದಿದ್ದರೆ ಅಕ್ಕನ ಆ ಎರಡು ಝೆರಾಕ್ಸುಗಳನ್ನಾದರೂ ತರಿಸಿ, ಆಕೆಯ ಕಣ್ಣೆದುರಿಗೆ ಹರಿದುಹಾಕಿಸಿರಿ. ಮುಂದಿನ ತಾರೀಖಿಗೆ ಆಕೆ ಮತ್ತೆ ಕೊಲ್ಹಾಪುರಕ್ಕೆ ಬರಬೇಕಾಗಿದೆ.

ಇಂತು,
ಗಡಹಿಂಗ್ಲಜದ ಒಬ್ಬ ನಿವೃತ್ತ ಕನ್ನಡ ಶಾಲಾ ಶಿಕ್ಷಕ